ಅತ್ತಿಗೆ ತಂದ ಕೋಳಿಬುಟ್ಟಿ

ನಿನ್ನೆ ಸಂಜೆ ಈ ವರ್ಷದ ಕೊನೆಯ ಯೂನಿಫಾರ್ಮ್‌ಗೆ ಗುಂಡಿ ಹಾಕಿ ಮುಗಿಸಿದೆ. ಈ ಸಲ ಜೂನ್‌ನಲ್ಲಿ ಒಂದು ದಿನವೂ ಅಂಗಡಿ ಬಾಗಿಲು ಹಾಕಲಿಲ್ಲ. ಕೀಲು ಊದಿ ವಿಪರೀತ ನೋಯುವ ಗೌಟ್ ಕಾಯಿಲೆ ಶುರುವಾದ ಮೇಲೆ ಇಂಥ ಜೂನ್ ಇದೇ ಮೊದಲು. ನನ್ನ ಕಾಲಿನ ಕಥೆ ನಿಮಗೆಲ್ಲ ಗೊತ್ತಿರುವುದೇ. ಆಗ ಕೈ ಹಿಡಿದವರಿಗೆ ಥ್ಯಾಂಕ್ಸ್ ಹೇಳುವುದು ಮಾತ್ರ ಬಾಕಿ ಉಳಿದಿತ್ತು.

ಟೈಲರ್‌ಗೆ ಕೈ ಎಷ್ಟೋ ಕಾಲೂ ಅಷ್ಟೇ. ಹೆಬ್ಬೆರಳ ಬುಡ ಊದಿದರೆ ಪೆಡಲ್ ಮೇಲೆ ಪಾದ ಇಡಲಿಕ್ಕಾಗುವುದಿಲ್ಲ. ಚಪ್ಪಲಿ ಹಾಕಲಾಗುವುದಿಲ್ಲ. ಬಚ್ಚಲಿಗೆ ಕೂತುಕೊಂಡೇ ಜರುಗಿ ಹೋಗಬೇಕು. ವಾರ, ಹತ್ತು ದಿನದಲ್ಲಿ ಊತ ಇಳಿದ ಮೇಲೆ ನೋಡಿದವರಿಗೆ ಏನೂ ಆಗಿಲ್ಲ ಅನಿಸುತ್ತದೆ. ‘ಚೆನ್ನಾಗೇ ಇದ್ದೀರಲ್ಲ, ಬಟ್ಟೆ ಯಾಕೆ ಆಗಿಲ್ಲ?’ ಅಂದರೆ ಏನು ಹೇಳಲಿ? ಕುಡಿಯೋದು ಬಿಡಿ ಅಂತ ಬುದ್ಧಿ ಹೇಳಿದವರೂ ಇದ್ದಾರೆ. ನಾನು ಒಂದು ದಿನವೂ ಕುಡಿದವನಲ್ಲ.

ಅತ್ತಿಗೆಯ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇರೆ ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ಎರಡು ವರ್ಷದ ಹಿಂದಿನ ಜುಲೈ. ನಮ್ಮೂರು ಸಾಗರದಲ್ಲಿ ಜಡಿಮಳೆ, ಕರೆಂಟ್ ಇಲ್ಲ. ಹೆಂಡತಿ ತಂಗಿಯ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಬೆರಳಿನೊಳಗೆ ಕೆಂಡ ಇಟ್ಟ ಹಾಗೆ. ಪಕ್ಕದಲ್ಲಿದ್ದ ಮಗಳು ಹೊರಳಿದಳು, ಅವಳ ಕಾಲು ತಾಗಿತು. ನಾನು ಕಿರುಚಿ ಅವಳನ್ನು ದೂಡಿಬಿಟ್ಟೆ. ಆರು ವರ್ಷದ ಮಗು. ಗೋಡೆಗೆ ಒತ್ತಿಕೊಂಡು, ಅಳುವುದಕ್ಕೂ ಹೆದರಿ ಕೂತಳು. ಆ ರಾತ್ರಿ ಅವಳಿಗೆ ನೆನಪಿದೆಯಾ ಅಂತ ಕೇಳಲು ನನಗೆ ಇವತ್ತಿಗೂ ಧೈರ್ಯ ಬಂದಿಲ್ಲ.

ಕೂಗು ಕೇಳಿ ಪಕ್ಕದ ಮನೆಯಿಂದ ಅತ್ತಿಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಓಡಿ ಬಂದರು. ಮೊದಲು ಮಗುವನ್ನು ಎತ್ತಿಕೊಂಡರು. ಆಮೇಲೆ ಟಾರ್ಚ್ ಹಿಡಿದು ಕಾಲು ನೋಡಿದರು. ಚಳಿಗೆ ನಡುಗುತ್ತಿದ್ದೆ, ಆದರೆ ಪಂಚೆಯ ಅಂಚು ಸೋಕಿದರೂ ಜೀವ ಹೋಗುತ್ತಿತ್ತು. ಇನ್ನು ಕಂಬಳಿ ಹೊದೆಯುವುದೆಲ್ಲಿ? ಅತ್ತಿಗೆ ಮಾತಾಡದೆ ಮಳೆಗೆ ಇಳಿದು ಹೋದರು. ಕೋಳಿ ಮುಚ್ಚುವ ಬುಟ್ಟಿ ತೊಳೆದು ತಂದರು. ಅದನ್ನು ನನ್ನ ಪಾದದ ಮೇಲೆ ಕವುಚಿ, ಕಾಲು ತೂರುವ ಕಡೆ ಎರಡು ಇಟ್ಟಿಗೆ ಕೊಟ್ಟು ಎತ್ತರಿಸಿ, ಮೇಲೆ ಕಂಬಳಿ ಹರಡಿದರು. ಪಾದಕ್ಕೆ ಒಂದು ಎಳೆಯೂ ತಾಗಲಿಲ್ಲ. ‘ಈಗ?’ ಅಂದರು. ಬೆಳಕು ಹರಿಯುವ ತನಕ ಮಣೆ ಹಾಕಿಕೊಂಡು ಅಲ್ಲೇ ಕೂತಿದ್ದರು, ಮಗು ಅವರ ತೊಡೆಯ ಮೇಲೆ.

ಬೆಳಿಗ್ಗೆ ಡಾಕ್ಟರ ಹತ್ತಿರ ನಾನು ಕೇಳಲಾಗದ್ದನ್ನು ಅವರೇ ಕೇಳಿದರು. ‘ಇದು ತಿಂದಿದ್ದಕ್ಕೆ ಬಂದಿದ್ದಾ?’ ಊಟದ ಪಾಲು ಸ್ವಲ್ಪ ಇದೆ, ಆದರೆ ಹೆಚ್ಚಿನವರಲ್ಲಿ ಕಿಡ್ನಿ ಯೂರಿಕ್ ಆಸಿಡ್ ಅನ್ನುವ ರಕ್ತದ ಕಸವನ್ನು ಸಾಕಷ್ಟು ಹೊರಗೆ ಹಾಕುವುದಿಲ್ಲ, ಅದು ವಂಶದಲ್ಲೂ ಬರುತ್ತದೆ, ಹೀಗೆ ಉಳಿದ ಆಸಿಡ್ಡೇ ಕೀಲಿನಲ್ಲಿ ಸೂಜಿಯಂಥ ಹರಳಾಗಿ ಕೂರುತ್ತದೆ ಅಂದರು ಡಾಕ್ಟರು. ಅತ್ತಿಗೆ ನನ್ನ ಕಡೆ ತಿರುಗಿ, ‘ಕೇಳಿಸ್ಕೊಂಡ್ಯಾ? ನೀನು ಮಾಡ್ಕೊಂಡಿದ್ದಲ್ಲ’ ಅಂದರು. ನನಗೆ ಅಲ್ಲೇ ಅಳು ಬಂತು.

ಮಾತ್ರೆ ಬಿಟ್ಟಿದ್ದು ಮಾತ್ರ ನನ್ನದೇ ತಪ್ಪು. ಯೂರಿಕ್ ಆಸಿಡ್ ಇಳಿಸುವ ಮಾತ್ರೆ ಶುರು ಮಾಡಿದ ಮೊದಲ ತಿಂಗಳುಗಳಲ್ಲಿ ನೋವು ಮತ್ತೆ ಬರಬಹುದಂತೆ. ನಾನು ಮಾತ್ರೆಯಿಂದಲೇ ಕೆಟ್ಟಿತು ಅಂದುಕೊಂಡು ನಿಲ್ಲಿಸಿದ್ದೆ. ಅವತ್ತಿನಿಂದ ರಾತ್ರಿ ಒಂಬತ್ತಕ್ಕೆ ‘ನುಂಗಿದ್ಯಾ?’ ಅಂತ ಅತ್ತಿಗೆಯ ದನಿ ಬಂದೇ ಬರುತ್ತದೆ. ತಮ್ಮ ಮಗಳ ಮನೆಗೆ ಬೆಂಗಳೂರಿಗೆ ಹೋದಾಗ ಅಲ್ಲಿಂದ ಫೋನ್. ರಕ್ತದಲ್ಲಿ ಯೂರಿಕ್ ಆಸಿಡ್ 6ರ ಕೆಳಗೆ ಇರಬೇಕು ಅಂದಿದ್ದರು ಡಾಕ್ಟರು, ಹೋದ ತಿಂಗಳು 5.4 ಬಂದಿದೆ. ಹಬ್ಬದ ದಿನ ಬೋಟಿ, ಲಿವರ್ ಮಾಡಿದರೆ ನನಗೆ ಬೇರೆ ಸಾರು ಇಟ್ಟಿರುತ್ತಾರೆ. ಯಾರದೋ ಮಾತು ಕೇಳಿ ಸುಮ್ನೆ ಬಿಟ್ಟಿದ್ದ ಬೇಳೆ, ಪಾಲಕ್ ಸೊಪ್ಪು ಮತ್ತೆ ನನ್ನ ತಟ್ಟೆಗೆ ಬಂದಿದ್ದೂ ಅವರಿಂದಲೇ.

ತವರಿಂದ ಮಾರನೇ ದಿನವೇ ಓಡಿ ಬಂದ ಹೆಂಡತಿಗೆ, ನನ್ನ ಪಾಲಿನ ಬಟ್ಟೆಯನ್ನೂ ಹೊಲಿದುಕೊಟ್ಟ ಪಕ್ಕದ ಅಂಗಡಿಯ ಗೆಳೆಯನಿಗೆ, ತಾಳ್ಮೆಯಿಂದ ಹೇಳಿದ ಡಾಕ್ಟರಿಗೆ, ಹಳೇ ಯೂನಿಫಾರ್ಮಲ್ಲೇ ಮಕ್ಕಳನ್ನು ಎರಡು ವಾರ ಶಾಲೆಗೆ ಕಳಿಸಿ ಕಾದ ತಾಯಂದಿರಿಗೆ ಕೈ ಮುಗಿಯುತ್ತೇನೆ. ಗೌರಿ ಹೂವಿನ ಗೆಡ್ಡೆ ಅಗೆದು ತಂದ ಅಣ್ಣನಿಗೂ ಥ್ಯಾಂಕ್ಸ್. ಗೌಟಿಗೆ ಕೊಡುವ ಕಾಲ್ಚಿಸಿನ್ ಅನ್ನುವ ಔಷಧಿ ಆ ಗಿಡದಲ್ಲಿ ಇರುವುದು ನಿಜ. ಆದರೆ ಗೆಡ್ಡೆ ವಿಷ, ಜೀವ ತೆಗೆಯುತ್ತದೆ. ದಯವಿಟ್ಟು ಯಾರೂ ಅದನ್ನು ಮನೆಯಲ್ಲಿ ಅರೆದು ಕುಡಿಯಬೇಡಿ.

ಬುಟ್ಟಿ ಸುಮಾರು ಎರಡು ವರ್ಷ ನಮ್ಮ ಮಂಚದ ಕೆಳಗೇ ಇತ್ತು. ಈ ಮಳೆಗಾಲಕ್ಕೆ ಅತ್ತಿಗೆಗೆ ವಾಪಸ್ ಕೊಟ್ಟೆ. ಈಗ ಅದರಡಿ ಒಂದು ಹೇಂಟೆ, ಏಳು ಮರಿ. ಮಗಳು ಬೆಳಿಗ್ಗೆ ಎದ್ದವಳೇ ಹೋಗಿ ಎಣಿಸಿ ಬರುತ್ತಾಳೆ.