ನಮಗೆ ಹೊಸ ರಸ್ತೆ ಬೇಡ, ಇರೋದನ್ನು ಸರಿ ಮಾಡಿ: ಅಮೆರಿಕದ ಕೃಷಿ ಕಾರ್ಯದರ್ಶಿಗೆ ಒಬ್ಬ ಬೇಟೆಗಾರನ ಬಹಿರಂಗ ಪತ್ರ

ಗೌರವಾನ್ವಿತ ಬ್ರೂಕ್ ರೋಲಿನ್ಸ್ ಅವರಿಗೆ,

ನಮಸ್ಕಾರ.

2025ರ ಜೂನ್ 23ರಂದು ಸಾಂಟಾ ಫೆಯಲ್ಲಿ, ಪಶ್ಚಿಮದ ರಾಜ್ಯಗಳ ಗವರ್ನರುಗಳ ಸಭೆಯಲ್ಲಿ, 2001ರ ರೋಡ್‌ಲೆಸ್ ರೂಲ್ ರದ್ದು ಮಾಡುತ್ತೇವೆ ಅಂತ ನೀವು ಹೇಳಿದಿರಿ. ನಿಮ್ಮ ಇಲಾಖೆಯ ಕೈಕೆಳಗಿನ ರಾಷ್ಟ್ರೀಯ ಅರಣ್ಯಗಳಲ್ಲಿ, ರಸ್ತೆ ಇಲ್ಲದ ಭಾಗಗಳಲ್ಲಿ ಹೊಸ ರಸ್ತೆ ಹಾಕೋದನ್ನು, ಮರ ಕಡಿಯೋದನ್ನು ಬಹುಮಟ್ಟಿಗೆ ತಡೆಯುವ ನಿಯಮ ಅದು. ಕಾಳ್ಗಿಚ್ಚು ತಡೆಯೋದಕ್ಕೆ, ಮರ ಕಡಿಯೋದಕ್ಕೆ ಆ ನಿಯಮ ಅಡ್ಡಿ ಅನ್ನೋದು ನಿಮ್ಮ ವಾದ. ನಿಮ್ಮನ್ನು ಬೆಂಬಲಿಸುವವರು ಇನ್ನೊಂದು ಮಾತನ್ನೂ ಸೇರಿಸುತ್ತಾರೆ: ರಸ್ತೆಯಾದರೆ ಬೇಟೆಗೆ ಹೋಗುವವರಿಗೂ ಒಳ್ಳೇದೇ ಅಲ್ವಾ?

ಬೇಟೆಗೆ ಹೋಗುವವರಲ್ಲಿ ನಾನೂ ಒಬ್ಬ. ದಯವಿಟ್ಟು ನಮ್ಮ ಹೆಸರು ಹೇಳಿ ರಸ್ತೆ ಹಾಕಬೇಡಿ. ಈಗಿರುವ ರಸ್ತೆ ಓಡಾಡುವ ಹಾಗಿರಬೇಕು. ಅದು ತೆರೆದಿದೆಯೋ ಇಲ್ಲವೋ ಅಂತ ಮನೆ ಬಿಡುವ ಮೊದಲೇ ಗೊತ್ತಾಗಬೇಕು. ನಮಗೆ ಬೇಕಾಗಿರೋದು ಇಷ್ಟೇ.

ಇದರ ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ಬೇರೆ ಬರುತ್ತದೆ. ಕನ್ನಡದಲ್ಲಿ ಬರೆದಿದ್ದು ಡೆನ್ವರ್, ಸಾಲ್ಟ್ ಲೇಕ್, ಸಿಯಾಟಲ್ ಕಡೆ ಇರುವ ನಮ್ಮವರೂ ಓದಲಿ ಅಂತ. ಇಲ್ಲಿ ತೆರಿಗೆ ಕಟ್ಟುವ ಅವರಿಗೂ ಈ ಕಾಡುಗಳ ಬಗ್ಗೆ ಮಾತಾಡುವ ಹಕ್ಕಿದೆ. ನಾನು ಕೊಡಗಿನವನು, ಈಗ ಕೊಲೊರಾಡೋದಲ್ಲಿದ್ದೇನೆ. ಊರಲ್ಲಿ ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಿದ್ದೆವು. ಬೇಟೆ ಮಾತ್ರ 1972ರ ವನ್ಯಜೀವಿ ಕಾನೂನು ಬಂದ ಮೇಲೆ ಹಿರಿಯರ ಬಾಯಲ್ಲಿ ಕೇಳುವ ಕತೆಯಾಗಿತ್ತು. ಇಲ್ಲಿ ಅದಕ್ಕೆ ಲೈಸೆನ್ಸ್ ಇದೆ, ಲೆಕ್ಕ ಇದೆ. ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಆ ಲೈಸೆನ್ಸಿನ ದುಡ್ಡು ದೊಡ್ಡ ಆಧಾರ. (ಎಚ್-1ಬಿ ವೀಸಾದಲ್ಲಿರುವ ಗೆಳೆಯರೇ, ನಿಮಗೆ ಸಾಮಾನ್ಯವಾಗಿ ಕೋವಿ ಇಟ್ಟುಕೊಳ್ಳುವ ಹಾಗಿಲ್ಲ. ಬೇಟೆ ಲೈಸೆನ್ಸ್ ಇದ್ದವರಿಗೆ ಕೇಂದ್ರ ಕಾನೂನಿನಲ್ಲಿ ವಿನಾಯಿತಿ ಇದೆ. ಸುಮ್ನೆ ಯಾರೋ ಹೇಳಿದರು ಅಂತ ಹೋಗಬೇಡಿ, ವಕೀಲರನ್ನು ಕೇಳಿ.)

ಮೇಡಂ, ಒಂದು ಎಲ್ಕ್ (ನಮ್ಮ ಕಡವೆಯಂಥ ದೊಡ್ಡ ಜಿಂಕೆ) ಬೇಟೆಯ ತಯಾರಿ ಹೇಗಿರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ನಿಮ್ಮ ಇಲಾಖೆಯ ರಸ್ತೆಗಳು ನಮಗೆ ಎಲ್ಲೆಲ್ಲಿ ಬೇಕಾಗುತ್ತವೆ, ಎಲ್ಲಿ ಬೇಡವಾಗುತ್ತವೆ ಅನ್ನೋದು ಆಗ ತಿಳಿಯುತ್ತದೆ.

ವ್ಯೋಮಿಂಗ್‌ನ ಪಶ್ಚಿಮದ ಅಂಚಿನಲ್ಲಿರುವ ಬ್ರಿಜರ್-ಟೀಟನ್ ರಾಷ್ಟ್ರೀಯ ಅರಣ್ಯವನ್ನೇ ತೆಗೆದುಕೊಳ್ಳಿ. 34 ಲಕ್ಷ ಎಕರೆ. ಅದರ ದಕ್ಷಿಣ ಭಾಗದಲ್ಲಿ ಎರಡು ಬೆಟ್ಟಸಾಲು: ಪಶ್ಚಿಮಕ್ಕೆ ಸಾಲ್ಟ್ ರಿವರ್ ರೇಂಜ್, ಪೂರ್ವಕ್ಕೆ ವ್ಯೋಮಿಂಗ್ ರೇಂಜ್. ಎರಡರ ನಡುವೆ ಗ್ರೇಸ್ ನದಿ, ನದಿಯ ಜೊತೆಗೇ ಒಂದು ಮಣ್ಣಿನ ರಸ್ತೆ. ಆಲ್ಪೈನ್ ಊರಿನಿಂದ ಹೊರಟು ದಕ್ಷಿಣಕ್ಕೆ ಏರುತ್ತಾ ಟ್ರೈ-ಬೇಸಿನ್ ಡಿವೈಡ್ ತನಕ ಹೋಗುತ್ತದೆ. ಅಲ್ಲಿ ಬಿದ್ದ ಮಳೆ ಒಂದು ಕಡೆ ಕೊಲಂಬಿಯಾ ನದಿಗೆ, ಒಂದು ಕಡೆ ಕೊಲೊರಾಡೋ ನದಿಗೆ, ಇನ್ನೊಂದು ಕಡೆ ಸಮುದ್ರವನ್ನೇ ಕಾಣದ ಗ್ರೇಟ್ ಬೇಸಿನ್‌ಗೆ ಹರಿಯುತ್ತದೆ. ಆಲ್ಪೈನ್‌ನಲ್ಲಿ ಟ್ಯಾಂಕ್ ತುಂಬಿಸದೆ ಆ ರಸ್ತೆಗೆ ಇಳಿಯಬಾರದು.

ಈ ಒಂದು ರಸ್ತೆ ನಮಗೆ ಬೇಕೇ ಬೇಕು. ಇದಿಲ್ಲದಿದ್ದರೆ ಆ ಕಣಿವೆಗೆ ಕುದುರೆ ಇದ್ದವರು ಮಾತ್ರ ಹೋಗಬೇಕಾಗುತ್ತಿತ್ತು. ರಸ್ತೆಯಿಂದ ಅಡ್ಡದಾರಿ, ಅಡ್ಡದಾರಿಯ ಕೊನೆಗೆ ಒಂದು ಗೇಟು ಅಥವಾ ಟ್ರೈಲ್‌ಹೆಡ್, ಅಂದರೆ ಕಾಲುದಾರಿ ಶುರುವಾಗುವ ಜಾಗ. ಅಲ್ಲಿ ಗಾಡಿ ನಿಲ್ಲಿಸಿ, ಬೆನ್ನಿಗೆ ಚೀಲ ಹಾಕಿ ನಡೆಯೋದು.

ಇಲ್ಲಿಂದ ನಕ್ಷೆಯ ಕೆಲಸ ಶುರು. 2005ರ ನಿಯಮದ ಪ್ರಕಾರ ಪ್ರತಿ ರಾಷ್ಟ್ರೀಯ ಅರಣ್ಯವೂ ಮೋಟಾರು ವಾಹನ ನಕ್ಷೆ ಕೊಡಬೇಕು. ಪುಕ್ಕಟೆ ಸಿಗುತ್ತದೆ, ಫೋನಿಗೂ ಇಳಿಸಿಕೊಳ್ಳಬಹುದು. ಕಪ್ಪು ಬಿಳುಪು, ಬೆಟ್ಟದ ಎತ್ತರ ತಗ್ಗು ಏನೂ ಇರಲ್ಲ, ನೋಡೋಕೆ ಚೆಂದ ಇಲ್ಲ. ಆದರೆ ಅದೇ ಕಾನೂನು. ಅದರಲ್ಲಿ ಇಲ್ಲದ ರಸ್ತೆ ಮುಚ್ಚಿದೆ ಅಂತಲೇ ಲೆಕ್ಕ, ಅಲ್ಲಿ ಬೋರ್ಡು ಇರಲಿ ಬಿಡಲಿ. ಯಾವ ರಸ್ತೆ ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ತೆರೆದಿರುತ್ತದೆ, ಯಾವುದರಲ್ಲಿ ಎಲ್ಲ ಗಾಡಿಗೂ ಅವಕಾಶ, ಯಾವುದರಲ್ಲಿ 50 ಇಂಚಿಗಿಂತ ಅಗಲದ ಗಾಡಿ ಹೋಗಬಾರದು, ಎಲ್ಲ ಅದರಲ್ಲಿದೆ. ರಸ್ತೆಯ ಬಾಯಿಗೆ ಹೋದರೆ ನಂಬರ್ ಫಲಕ ನೋಡಬೇಕು. ಅಡ್ಡಲಾಗಿ ಬರೆದಿದ್ದರೆ ಸಾಮಾನ್ಯವಾಗಿ ಕಾರು ಹೋಗುತ್ತದೆ. ಉದ್ದಕ್ಕೆ, ಮೇಲಿಂದ ಕೆಳಗೆ ಬರೆದಿದ್ದರೆ ನೆಲದಿಂದ ಎತ್ತರ ಇರುವ ಗಾಡಿಯೇ ಬೇಕು. ಬಾಡಿಗೆ ಸೆಡಾನ್ ತಂದವರು ಅಲ್ಲೇ ತಿರುಗಿಸಿದರೆ ಒಳ್ಳೇದು.

ಇಷ್ಟೆಲ್ಲ ಚೆನ್ನಾಗಿಯೇ ಇದೆ. ತೊಂದರೆ ಏನು ಅಂದರೆ, ಆ ನಕ್ಷೆ ಹೇಳೋದು ಕಾನೂನಿನ ಪ್ರಕಾರ ರಸ್ತೆ ತೆರೆದಿದೆಯಾ ಅಂತ ಮಾತ್ರ. ಗಾಡಿ ಹೋಗುತ್ತದಾ ಅಂತ ಅಲ್ಲ.

ಬೇಟೆಗಾರ ಕೇಳೋದು ಎರಡನೆಯದನ್ನು. ಅಕ್ಟೋಬರಿನಲ್ಲಿ ಬೆಳಿಗ್ಗೆ ಒಣಗಿದ ರಸ್ತೆಯಲ್ಲಿ ಒಳಗೆ ಹೋಗಿರುತ್ತೇವೆ. ರಾತ್ರಿ ಮಳೆ ಬಂದು ಜೇಡಿಮಣ್ಣು ಬೆಣ್ಣೆಯ ಹಾಗಾಗುತ್ತದೆ, ಅದರ ಮೇಲೆ ಹಿಮ. ನಾಲ್ಕೂ ಚಕ್ರಕ್ಕೆ ಚೈನ್, ಗುದ್ದಲಿ, ಎರಡನೇ ಸ್ಟೆಪ್ನಿ, ಬಿದ್ದ ಮರ ಕೊಯ್ಯಲು ಗರಗಸ, ಸಿಗ್ನಲ್ ಇಲ್ಲದ ಕಡೆ ಸಂದೇಶ ಕಳಿಸುವ ಉಪಗ್ರಹ ಸಾಧನ, ಇವಿಲ್ಲದೆ ಯಾರೂ ಹೋಗಲ್ಲ. ಪ್ರಾಣಿ ಬಿದ್ದ ಮೇಲಿನ ಲೆಕ್ಕ ಬೇರೆ. ಬೆಳೆದ ಗಂಡು ಎಲ್ಕ್ ಸುಮಾರು 700 ಪೌಂಡ್ ತೂಗುತ್ತದೆ. ಮೂಳೆ ಬಿಡಿಸಿದರೂ 200 ಪೌಂಡಿನಷ್ಟು ಮಾಂಸ. ಅದನ್ನು ಕಾಡಲ್ಲಿ ಬಿಟ್ಟು ಬರೋದು ಅಪರಾಧ, ಬಿಡಲೂಬಾರದು. ಇಬ್ಬರು ಹೊತ್ತರೂ ಒಂದೇ ಸಲಕ್ಕೆ ಮುಗಿಯಲ್ಲ. ಮತ್ತೆ ಮತ್ತೆ ಹತ್ತಿ ಇಳಿಯಬೇಕು. ಗಾಡಿ ಎಲ್ಲಿದೆ ಅನ್ನೋದರ ಮೇಲೆ ಎಲ್ಲಿ ಗುಂಡು ಹೊಡೆಯಬೇಕು, ಎಲ್ಲಿ ಹೊಡೆಯಬಾರದು ಅಂತ ತೀರ್ಮಾನ ಆಗುತ್ತದೆ. ಎರಡು ಕಣಿವೆ ಆಚೆ ಎಂಥ ಎಲ್ಕ್ ನಿಂತಿದ್ದರೂ ತಿಳಿದವರು ಬಿಟ್ಟುಬಿಡುತ್ತಾರೆ. ಅಂದುಕೊಂಡ ರಸ್ತೆ ಮುಚ್ಚಿದ್ದರೆ ಈ ಲೆಕ್ಕ ಎಲ್ಲ ತಲೆಕೆಳಗು.

ಒಂದು ಸಲ ಬೇರೆ ರಾಜ್ಯದ ಒಂದು ಕಾಡಿನಲ್ಲಿ ಹಾಗೇ ಆಯಿತು. ಹೆಸರು ಬೇಡ. ನಕ್ಷೆಯ ಪ್ರಕಾರ ರಸ್ತೆ ತೆರೆದಿತ್ತು. ಹೊರಡುವ ಮೊದಲು ಸ್ಥಳೀಯ ಕಚೇರಿಗೆ ಫೋನ್ ಮಾಡಿದರೆ ಬೇಸಿಗೆಯಲ್ಲಿ ರೆಕಾರ್ಡ್ ಮಾಡಿದ ಸಂದೇಶವೇ ಕೇಳಿಸಿತು. ಒಳಗೆ ಹೋದರೆ ಮೋರಿ ಕೊಚ್ಚಿಹೋಗಿ, ರಸ್ತೆಯ ಜಾಗದಲ್ಲಿ ಹಳ್ಳ. ಕತ್ತಲಲ್ಲಿ ಟ್ರೈಲರ್ ಸಮೇತ ರಿವರ್ಸ್ ಬಂದೆವು. ಊರಿಗೆ ವಾಪಸ್ ಆದ ಮೇಲೆ ಕಚೇರಿಯಿಂದ ಒಬ್ಬರು ಫೋನ್ ಮಾಡಿದರು. ತುಂಬ ಒಳ್ಳೆಯವರು. ಆ ಮೋರಿ ಹೋಗಿ ಒಂದು ವರ್ಷದ ಮೇಲಾಗಿದೆ, ಹೋಗಿ ಫಲಕ ಹಾಕೋಕೂ ಜನ ಇಲ್ಲ ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಸಿಟ್ಟಿರೋದು ಲೆಕ್ಕದ ಮೇಲೆ. ರಾಷ್ಟ್ರೀಯ ಅರಣ್ಯಗಳನ್ನು ನೋಡಿಕೊಳ್ಳುವ ನಿಮ್ಮ ಫಾರೆಸ್ಟ್ ಸರ್ವಿಸ್ ಕೈಯಲ್ಲಿ ಈಗಾಗಲೇ ಸುಮಾರು 3,70,000 ಮೈಲಿ ರಸ್ತೆ ಇದೆ. ಭೂಮಿಗೆ ಹೆಚ್ಚುಕಡಿಮೆ ಹದಿನೈದು ಸುತ್ತು ಹಾಕಬಹುದು. 2001ರಲ್ಲಿ ರೋಡ್‌ಲೆಸ್ ನಿಯಮ ಬರುವಾಗಲೇ ರಸ್ತೆ ರಿಪೇರಿಯ ಬಾಕಿ ಕೆಲಸ 840 ಕೋಟಿ ಡಾಲರ್ ಅಂತ ಸರ್ಕಾರವೇ ಬರೆದಿತ್ತು. ಇರೋದನ್ನೇ ನೋಡಿಕೊಳ್ಳೋಕೆ ಆಗದೆ ಇರುವಾಗ ಇನ್ನಷ್ಟು ಯಾಕೆ ಅನ್ನೋದು ಆ ನಿಯಮಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಆ ಕಾರಣ ಈಗ ಸುಳ್ಳಾಗಿದೆಯೇ? 2025ರ ಫೆಬ್ರವರಿಯಲ್ಲಿ, ನೀವು ಅಧಿಕಾರಕ್ಕೆ ಬಂದ ಹೊಸದರಲ್ಲಿ, ಫಾರೆಸ್ಟ್ ಸರ್ವಿಸ್‌ನ ಸುಮಾರು 2,000 ಪ್ರೊಬೇಷನರಿ ನೌಕರರನ್ನು ಕೆಲಸದಿಂದ ತೆಗೆದಿದ್ದಾಗಿ ನಿಮ್ಮ ಇಲಾಖೆಯೇ ಹೇಳಿತು. ಮಾರ್ಚ್‌ನಲ್ಲಿ ವಾಪಸ್ ತೆಗೆದುಕೊಳ್ಳಿ ಅಂತ ಆದೇಶ ಬಂತು, ನಿಜ. ಆದರೆ ಹೊಸ ರಸ್ತೆ ಹಾಕುತ್ತೇವೆ ಅನ್ನುವವರು ಹಳೇ ರಸ್ತೆ ನೋಡುವ ಜನರನ್ನು ಮನೆಗೆ ಕಳಿಸಿದ್ದು ನನಗೆ ಅರ್ಥವಾಗಲಿಲ್ಲ.

ಈಗ ರಸ್ತೆ ಇಲ್ಲದ ಜಾಗದ ವಿಷಯ. 2001ರಲ್ಲಿ ನಿಯಮ ಕಾಯಲು ಹೊರಟಿದ್ದು 5 ಕೋಟಿ 85 ಲಕ್ಷ ಎಕರೆಯನ್ನು. ಕೊಲೊರಾಡೋ ಮತ್ತು ಐಡಾಹೋಗೆ ತಮ್ಮದೇ ನಿಯಮ ಇರುವುದರಿಂದ ಅವು ಹೊರಗೆ. ಉಳಿದದ್ದು ಸುಮಾರು ನಾಲ್ಕೂವರೆ ಕೋಟಿ ಎಕರೆ. ಕರ್ನಾಟಕದ ಓದುಗರಿಗೆ ಹೇಳಬೇಕೆಂದರೆ, ಹೆಚ್ಚೂಕಡಿಮೆ ನಮ್ಮ ಇಡೀ ರಾಜ್ಯದಷ್ಟು ನೆಲ.

ಎಲ್ಕ್ ಇರೋದು ಅಲ್ಲಿ. ಇದು ಬರೀ ಬೇಟೆಗಾರರ ನಂಬಿಕೆ ಅಲ್ಲ. ಆರಿಗನ್‌ನ ಲಾ ಗ್ರಾಂಡ್ ಹತ್ತಿರ ಸ್ಟಾರ್ಕಿ ಪ್ರಾಯೋಗಿಕ ಅರಣ್ಯ ಅಂತ ನಿಮ್ಮದೇ ಫಾರೆಸ್ಟ್ ಸರ್ವಿಸ್‌ನ ಕಾಡಿದೆ. ಸುಮಾರು 25,000 ಎಕರೆಗೆ ಬೇಲಿ ಹಾಕಿ, ಎಲ್ಕ್‌ಗಳಿಗೆ ಕಾಲರ್ ತೊಡಿಸಿ, 1989ರಿಂದ ಅಧ್ಯಯನ ಮಾಡುತ್ತಿದ್ದಾರೆ. ಗಾಡಿ ಓಡಾಡುವ ರಸ್ತೆಯಿಂದ ಎಲ್ಕ್ ದೂರ ಸರಿಯುತ್ತವೆ ಅಂತ ಅಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ದೂರ ಸರಿದು ಎಲ್ಲಿಗೆ ಹೋಗುತ್ತವೆ? ಎಷ್ಟೋ ಕಡೆ ಕೆಳಗಿನ ಖಾಸಗಿ ರ‍್ಯಾಂಚುಗಳಿಗೆ. ಅಲ್ಲಿ ದುಡ್ಡು ಕೊಟ್ಟವರಿಗೆ ಮಾತ್ರ ಬೇಟೆ. ಅಂದರೆ ನನ್ನ ಅನುಕೂಲಕ್ಕೆ ಅಂತ ಹಾಕಿದ ರಸ್ತೆ, ಎಲ್ಕ್‌ಗಳನ್ನು ನನ್ನ ಕೈಗೆ ಸಿಗದ ಕಡೆ ಅಟ್ಟುತ್ತದೆ.

ವ್ಯೋಮಿಂಗ್‌ನಲ್ಲಿ ಇನ್ನೊಂದು ಗಂಟು ಇದೆ, ಇದು ವಾಷಿಂಗ್ಟನ್‌ನಲ್ಲಿ ಎಷ್ಟು ಜನಕ್ಕೆ ಗೊತ್ತೋ. ಆ ರಾಜ್ಯದ ಕಾನೂನಿನಂತೆ ಹೊರರಾಜ್ಯದವರು ಗೈಡ್ ಇಲ್ಲದೆ, ಅಥವಾ ಅನುಮತಿ ಪಡೆದ ಸ್ಥಳೀಯರೊಬ್ಬರು ಜೊತೆಗಿಲ್ಲದೆ, ವಿಲ್ಡರ್‌ನೆಸ್ (ರಸ್ತೆ, ಮೋಟಾರು ಗಾಡಿ ಎರಡಕ್ಕೂ ಅವಕಾಶವಿಲ್ಲದ ಕಾಡು) ಅಂತ ಘೋಷಿಸಿದ ಜಾಗದಲ್ಲಿ ಎಲ್ಕ್, ಜಿಂಕೆ ಬೇಟೆ ಆಡುವಂತಿಲ್ಲ. ಅಲ್ಲೇ ಟೆಂಟ್ ಹಾಕಬಹುದು, ಮೀನು ಹಿಡಿಯಬಹುದು, ಕೋವಿ ಹಿಡಿದು ಎಲ್ಕ್ ಹುಡುಕುವ ಹಾಗಿಲ್ಲ. ಗೈಡ್ ಅಂದರೆ ಸಾವಿರಾರು ಡಾಲರ್. ಹಾಗಾಗಿ ಸ್ವಂತ ಕಾಲಮೇಲೆ ಹೋಗುವ ನನ್ನಂಥ ಹೊರಗಿನವನಿಗೆ ಉಳಿಯೋದು ವಿಲ್ಡರ್‌ನೆಸ್ ಅಲ್ಲದ, ಆದರೆ ರಸ್ತೆಯೂ ಇಲ್ಲದ ಕಾಡು. ಗ್ರೇಸ್ ನದಿಯ ಎರಡೂ ಬದಿಯ ಬೆಟ್ಟಗಳಲ್ಲಿ ಬಹುಪಾಲು ಅಂಥದ್ದೇ. ಅದನ್ನು ಕಾಯುತ್ತಿರೋದು ಈ ನಿಯಮ. ಅದೇ ಬೆಟ್ಟಗಳಲ್ಲಿ ಹೊಸ ತೈಲ, ಅನಿಲ ಲೀಸ್ ಕೊಡಬಾರದು ಅಂತ 2009ರಲ್ಲಿ ಕಾನೂನಾಯಿತು, 12 ಲಕ್ಷ ಎಕರೆಗೆ. ಆ ಕೆಲಸಕ್ಕೆ ಕೈ ಹಾಕಿದ್ದು ಸೆನೆಟರ್ ಕ್ರೇಗ್ ಥಾಮಸ್, ಅವರು ತೀರಿಹೋದ ಮೇಲೆ ಮುಗಿಸಿದ್ದು ಜಾನ್ ಬರಾಸೊ. ಇಬ್ಬರೂ ನಿಮ್ಮ ಪಕ್ಷದವರೇ.

ಬೆಂಕಿಯ ಮಾತು. ಬೆಂಕಿಯ ಭಯ ನನಗೂ ಇದೆ, ಕೊಲೊರಾಡೋದಲ್ಲಿ ಇರುವವನು ನಾನು. ಆದರೆ ಜನರ ಜೀವಕ್ಕೆ, ಆಸ್ತಿಗೆ ಅಪಾಯ ಇದ್ದಾಗ ರಸ್ತೆ ಹಾಕಲು, ಬೆಂಕಿ ಅಪಾಯ ತಗ್ಗಿಸಲು ಸಣ್ಣ ಮರ ಕಡಿಯಲು 2001ರ ನಿಯಮದಲ್ಲೇ ಅವಕಾಶ ಇದೆ. ಜನರಿಂದ ಹೊತ್ತಿಕೊಳ್ಳುವ ಬೆಂಕಿ ಜಾಸ್ತಿ ಇರೋದು ರಸ್ತೆಯ ಅಕ್ಕಪಕ್ಕದಲ್ಲಿ. ಇನ್ನು ರೋಡ್‌ಲೆಸ್ ಅಂದರೆ ಮೋಟಾರ್ ಬೈಕ್ ಕೂಡ ಹೋಗಬಾರದು ಅಂತ ಕೆಲವರು ಹೆದರಿಸುತ್ತಾರೆ. ಅದು ತಪ್ಪು. ಈಗಾಗಲೇ ಅವಕಾಶ ಇರುವ ಟ್ರೈಲುಗಳನ್ನು ಆ ನಿಯಮ ಮುಚ್ಚಲ್ಲ.

ಹಾಗಾದರೆ ದಾರಿ ಬೇಡವೇ? ಬೇಕು. ಅದಕ್ಕೆ ಕೇಳುತ್ತಿದ್ದೇನೆ. 2022ರ ಏಪ್ರಿಲ್‌ನಲ್ಲಿ ಮ್ಯಾಪ್‌ಲ್ಯಾಂಡ್ ಕಾನೂನಿಗೆ ಸಹಿ ಬಿತ್ತು. ಸಾರ್ವಜನಿಕ ನೆಲಕ್ಕೆ ಹೋಗುವ ರಸ್ತೆ ಯಾವುದು, ಯಾವ ತಿಂಗಳು ತೆರೆದಿರುತ್ತದೆ, ಖಾಸಗಿ ಜಮೀನಿನೊಳಗೆ ಜನರಿಗೆ ದಾರಿಯ ಹಕ್ಕು ಎಲ್ಲಿದೆ, ಇದನ್ನೆಲ್ಲ ನಾಲ್ಕು ವರ್ಷದೊಳಗೆ ಡಿಜಿಟಲ್ ಮಾಡಿ ಎಲ್ಲರಿಗೂ ಕೊಡಬೇಕು ಅಂತ ಅದು ಹೇಳುತ್ತದೆ. ದಾರಿಹಕ್ಕಿನ ಸಾವಿರಾರು ದಾಖಲೆ ಕಚೇರಿಗಳ ಕಪಾಟಿನಲ್ಲಿ ಕಾಗದವಾಗಿಯೇ ಕೂತಿದ್ದವು. ಅದನ್ನು ಪೂರ್ತಿ ಮಾಡಿಸಿ. ಒಂದು ಹೊಸ ರಸ್ತೆಯೂ ಇಲ್ಲದೆ ಎಷ್ಟು ನೆಲ ತೆರೆದುಕೊಳ್ಳುತ್ತದೆ ನೋಡಿ. ಮೂಲೆ ದಾಟುವ ಕೇಸನ್ನು ನೀವು ಓದಿರುತ್ತೀರಿ. 2021ರಲ್ಲಿ ನಾಲ್ವರು ಬೇಟೆಗಾರರು ವ್ಯೋಮಿಂಗ್‌ನ ಎಲ್ಕ್ ಮೌಂಟನ್ ಹತ್ತಿರ, ಖಾಸಗಿ ನೆಲಕ್ಕೆ ಕಾಲಿಡದೆ, ಏಣಿ ಇಟ್ಟು ಒಂದು ಸರ್ಕಾರಿ ತುಂಡಿನಿಂದ ಮೂಲೆಯಲ್ಲಿ ಅಂಟಿಕೊಂಡ ಇನ್ನೊಂದಕ್ಕೆ ದಾಟಿದರು. 2025ರ ಮಾರ್ಚ್‌ನಲ್ಲಿ ಹತ್ತನೇ ಸರ್ಕ್ಯೂಟ್ ಎಂಬ ಕೇಂದ್ರದ ಮೇಲ್ಮನವಿ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಅವರು ರಸ್ತೆ ಕೇಳಲಿಲ್ಲ. ಒಂದು ಹೆಜ್ಜೆ ಇಡೋಕೆ ಜಾಗ ಕೇಳಿದರು.

ದುಡ್ಡಿನ ವಿಷಯಕ್ಕೆ ಬಂದರೆ, 2020ರಲ್ಲಿ ಅಧ್ಯಕ್ಷ ಟ್ರಂಪ್ ಅವರೇ ಸಹಿ ಹಾಕಿದ ಗ್ರೇಟ್ ಅಮೆರಿಕನ್ ಔಟ್‌ಡೋರ್ಸ್ ಕಾನೂನು ಬಾಕಿ ರಿಪೇರಿಗೆ ಅಂತ ಫಾರೆಸ್ಟ್ ಸರ್ವಿಸ್‌ಗೆ ವರ್ಷಕ್ಕೆ 28.5 ಕೋಟಿ ಡಾಲರ್ ತನಕ ಕೊಟ್ಟಿತು, ಐದು ವರ್ಷ. ಅಂಥ ಹಣ ನಿಲ್ಲದಂತೆ ನೋಡಿಕೊಳ್ಳಿ. ಅದರಲ್ಲಿ ಮೋರಿಗಳನ್ನು ಹಾಕಿಸಿ. ಪ್ರತಿ ರೇಂಜರ್ ಕಚೇರಿಯಲ್ಲೂ ಆಗಸ್ಟ್‌ನಿಂದ ನವೆಂಬರ್ ತನಕ ರಸ್ತೆಗಳ ಸ್ಥಿತಿಯನ್ನು ವಾರಕ್ಕೊಮ್ಮೆ ಪ್ರಕಟಿಸುವ ಒಬ್ಬರಾದರೂ ಇರಲಿ. ಹೊರರಾಜ್ಯದವರು ವ್ಯೋಮಿಂಗ್ ಎಲ್ಕ್ ಲೈಸೆನ್ಸಿಗೆ ಅರ್ಜಿ ಹಾಕೋದು ಚಳಿಗಾಲದಲ್ಲಿ. ಹಿಂದಿನ ವರ್ಷ ಕೊಚ್ಚಿಹೋದ ರಸ್ತೆಗಳ ಪಟ್ಟಿ ಅಷ್ಟರೊಳಗೆ ಸಿಕ್ಕರೆ ಸಾಕು, ತಯಾರಿ ನಾವು ಮಾಡಿಕೊಳ್ಳುತ್ತೇವೆ.

ಕೊನೆಯದಾಗಿ ಒಂದು ದೂರು. 2001ರ ನಿಯಮ ಮಾಡುವಾಗ ದೇಶದ ತುಂಬ ಸುಮಾರು 600 ಸಭೆ ಆಗಿದ್ದವು, 16 ಲಕ್ಷ ಅಭಿಪ್ರಾಯಗಳು ಬಂದಿದ್ದವು. ಅದನ್ನು ರದ್ದು ಮಾಡುವ ಮೊದಲ ಹಂತದಲ್ಲಿ ನೀವು ಕೊಟ್ಟಿದ್ದು ಮೂರು ವಾರ, 2025ರ ಆಗಸ್ಟ್ 29ರಿಂದ ಸೆಪ್ಟೆಂಬರ್ 19ರ ತನಕ. ಅದು ಬಿಲ್ಲು ಬಾಣದ ಎಲ್ಕ್ ಸೀಸನ್. ಈ ಕಾಡುಗಳ ಬಗ್ಗೆ ಚೆನ್ನಾಗಿ ಬಲ್ಲವರು ಆಗ ಸಿಗ್ನಲ್ ಇಲ್ಲದ ಬೆಟ್ಟಗಳಲ್ಲಿ ಇದ್ದರು. ಮುಂದಿನ ಸಲ ವ್ಯೋಮಿಂಗ್‌ನ ಆ ಬೆಟ್ಟಗಳ ಕಡೆಯ ಊರುಗಳಾದ ಆಫ್ಟನ್‌ನಲ್ಲೋ ಬಿಗ್ ಪೈನಿಯಲ್ಲೋ ಒಂದು ಸಭೆ ಇಡಿ, ನಾನೂ ಗಾಡಿ ಓಡಿಸಿಕೊಂಡು ಬರುತ್ತೇನೆ. ಸೆಪ್ಟೆಂಬರ್, ಅಕ್ಟೋಬರ್ ಬಿಟ್ಟು ಯಾವ ತಿಂಗಳಾದರೂ ಸರಿ.

ಇಂತಿ,
ಕೊಲೊರಾಡೋದಲ್ಲಿರುವ ಒಬ್ಬ ಕೊಡಗಿನ ಕನ್ನಡಿಗ