ಸಸಿಯ ಜೊತೆ ರೋಗವನ್ನೂ ಕಳಿಸಿದ್ದೀರಿ

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ರೋಗ ಹಿಡಿದ ಕೋಸಿನ ಸಸಿಗಳು ಮತ್ತು ಸಹಾಯವಾಣಿಯ ತಪ್ಪು ಸಲಹೆ

ಮಾನ್ಯರೇ,

ಕೈತೋಟಕ್ಕೆಂದು ನಿಮ್ಮಿಂದ ಎಲೆಕೋಸು, ಹೂಕೋಸಿನ ಸಸಿ ತರಿಸಿದ್ದೆ. ಟ್ರೇ ಬಿಚ್ಚಿದಾಗಲೇ ಕೆಳಗಿನ ಎಲೆಗಳಲ್ಲಿ ಕಪ್ಪು ಚುಕ್ಕೆಗಳಿದ್ದವು. ನಿಮ್ಮ ಸಹಾಯವಾಣಿಗೆ ಫೋಟೊ ಕಳಿಸಿದರೆ, "ಬೋರಾನ್ ಕೊರತೆ ಸರ್, ಮೈಕ್ರೋನ್ಯೂಟ್ರಿಯೆಂಟ್ ಹೊಡೆಯಿರಿ, ದಿನಾ ಸಂಜೆ ಎಲೆ ನೆನೆಯುವ ಹಾಗೆ ನೀರು ಹಾಕಿ" ಎಂಬ ಉತ್ತರ ಬಂತು.

ಫೋಟೊ ನೋಡಿದ್ದಾರೋ ಇಲ್ವೋ ಅನ್ನಿಸಿತು. ಹೂಕೋಸಿಗೆ ಬೋರಾನ್ ಎಂಬ ಪೋಷಕಾಂಶ ಕಡಿಮೆಯಾದರೆ ದಂಟು ಟೊಳ್ಳಾಗುತ್ತದೆ, ಹೂವು ಕಂದು ತಿರುಗುತ್ತದೆ. ಇಲ್ಲಿರುವುದು ಬೇರೆಯೇ. ಚುಕ್ಕೆ ದೊಡ್ಡದಾದಂತೆ ಒಳಗೆ ಒಂದರೊಳಗೊಂದು ಉಂಗುರ, ಸುತ್ತ ಹಳದಿ ಅಂಚು. ಒಣಗಿದ ನಡುಭಾಗ ಉದುರಿ ಎಲೆ ತೂತು. ತೇವ ಇದ್ದ ದಿನ ಬೆರಳಿನಿಂದ ಒರೆಸಿದರೆ ಮಸಿಯಂಥ ಪುಡಿ ಅಂಟುತ್ತದೆ. ಬೂಜು ತುಪ್ಪಟ ರೋಗವೂ (ಡೌನಿ ಮಿಲ್ಡ್ಯೂ) ಅಲ್ಲ, ಅದಾಗಿದ್ದರೆ ಎಲೆಯಡಿ ಬೆಳ್ಳನೆ ಬೂಜು ಕಾಣಬೇಕಿತ್ತು. ಇದು ಆಲ್ಟರ್ನೇರಿಯಾ ಎಂಬ ಶಿಲೀಂಧ್ರದಿಂದ ಬರುವ ಎಲೆಚುಕ್ಕೆ ರೋಗ. ಕೋಸು ಬೆಳೆಯುವವರಿಗೆ ಹೊಸದೇನಲ್ಲ, ಸಸಿ ಮಾರುವವರಿಗಂತೂ ಗೊತ್ತಿರಲೇಬೇಕು.

ಈ ಶಿಲೀಂಧ್ರ ಹಬ್ಬುವುದೇ ಎಲೆ ಒದ್ದೆಯಾಗಿದ್ದಾಗ. ಸಂಜೆ ನೆನೆಸಿದ ಎಲೆ ರಾತ್ರಿಯೆಲ್ಲ ಆರುವುದಿಲ್ಲ, ಅಲ್ವಾ? ನಿಮ್ಮ ಸಲಹೆ ಪಾಲಿಸಿದ್ದರೆ ಪಕ್ಕದ ಮೂಲಂಗಿಗೂ ಹರಡುತ್ತಿತ್ತು. ನಾನು ಚುಕ್ಕೆ ಬಿದ್ದ ಎಲೆಗಳನ್ನು ಕಿತ್ತು ತೋಟದಿಂದ ಹೊರಗೆ ಹಾಕಿ, ಬೆಳಿಗ್ಗೆ ಬುಡಕ್ಕೆ ಮಾತ್ರ ನೀರು ಕೊಡುತ್ತಿದ್ದೇನೆ. ಜಾಸ್ತಿ ಸೊರಗಿದ ಗಿಡಗಳನ್ನು ಬೇರುಸಹಿತ ತೆಗೆದಾಯಿತು. ಆ ಪಾತಿಯಲ್ಲಿ ಇನ್ನು ಎರಡು ಮೂರು ವರ್ಷ ಕೋಸು, ಅದೇ ಕುಟುಂಬದ ಮೂಲಂಗಿ, ಸಾಸಿವೆ ಯಾವುದನ್ನೂ ಹಾಕುವಂತಿಲ್ಲ. ಸಸಿಯ ದುಡ್ಡಿಗಿಂತ ದೊಡ್ಡ ನಷ್ಟ ಇದೇ.

ಈ ರೋಗ ಬೀಜದಿಂದಲೂ ಬರುತ್ತದೆ. ನಿಮ್ಮ ಲೇಬಲ್ ಮೇಲೆ "ಬೀಜೋಪಚಾರ ಮಾಡಿದೆ" ಎಂದಿದೆ. ಬಿತ್ತುವ ಮುನ್ನ ಬೀಜದ ರೋಗ ಕಳೆಯಲು ಏನು ಮಾಡಿದ್ದೀರಿ? ಬಿಸಿನೀರಿನ ಉಪಚಾರವಾದರೆ 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಲೆಕೋಸಿನ ಬೀಜಕ್ಕೆ 25 ನಿಮಿಷ, ಹೂಕೋಸಿಗೆ 20 ನಿಮಿಷ ಬೇಕು. ಅದು ಆಗಿತ್ತೇ? ಇಲ್ಲ ಸುಮ್ನೆ ಲೇಬಲ್ ಅಂಟಿಸಿದಿರಾ?

ಬದಲಿ ಸಸಿ ಬೇಡ, ನೆಡಲು ಜಾಗವೇ ಉಳಿದಿಲ್ಲ. ಪೂರ್ತಿ ಹಣ ವಾಪಸ್ ಕೊಡಿ. ಆ ಲಾಟ್‌ನ ಸಸಿಗಳ ಮಾರಾಟ ನಿಲ್ಲಿಸಿ, ಈಗಾಗಲೇ ಕೊಂಡವರಿಗೆ ತಿಳಿಸಿ. ಬೀಜೋಪಚಾರದ ವಿವರವನ್ನು ಬರಹದಲ್ಲೇ ಕಳಿಸಿ. ಫೋನಿನಲ್ಲಿ ಕೊಟ್ಟ ಉತ್ತರ ಒಮ್ಮೆ ಕೇಳಿದ್ದಾಗಿದೆ.

ಫೋಟೊಗಳು, ಬಿಲ್, ಲೇಬಲ್‌ನ ಪ್ರತಿ ಲಗತ್ತಿಸಿದ್ದೇನೆ.

ಇತಿ,
ನಿಮ್ಮ ಗ್ರಾಹಕ