ರ‍್ಯಾಂಕ್ ಒಂದೇ ಸಾಲದು

ಮಾನ್ಯ ಸಂಪಾದಕರೇ,

ಹಲವು ದೇಶಗಳ 15 ವರ್ಷದ ಮಕ್ಕಳ ಓದು, ಗಣಿತ, ವಿಜ್ಞಾನ ಅಳೆಯುವ ಪೀಸಾ ಪರೀಕ್ಷೆಯ ಫಲಿತಾಂಶ ಬಂದಾಗಲೆಲ್ಲ ಸುದ್ದಿಗಳು ಬರೀ ರ‍್ಯಾಂಕ್ ಹೇಳಿ ಮುಗಿಸುತ್ತವೆ, ಇದು ಸರಿಯಲ್ಲ. ಪರೀಕ್ಷೆ ಬರೆಯುವುದು 15 ವರ್ಷದ ಎಲ್ಲ ಮಕ್ಕಳಲ್ಲ, ಆಯ್ದ ಕೆಲವರು. ಹಾಗಾಗಿ ಸರಾಸರಿ ಅಂಕ ನಾಲ್ಕಾರು ಆಚೀಚೆ ಆಗಬಹುದು. ಎರಡು ದೇಶಗಳ ನಡುವೆ ಇರುವುದೇ ಒಂದೆರಡು ಅಂಕಗಳ ವ್ಯತ್ಯಾಸವಾದರೆ ಯಾರು ಮುಂದು ಎಂದು ಹೇಳಲು ಬರುವುದಿಲ್ಲ, ಅಲ್ವಾ?

2009ರ ಸುತ್ತಿನಲ್ಲಿ ನಮ್ಮಲ್ಲಿ ಪರೀಕ್ಷೆ ನಡೆದದ್ದು ತಮಿಳುನಾಡು, ಹಿಮಾಚಲ ಪ್ರದೇಶಗಳಲ್ಲಿ ಮಾತ್ರ. ಓದು, ಗಣಿತಗಳಲ್ಲಿ ಈ ಎರಡು ರಾಜ್ಯಗಳಿಗೆ 74 ದೇಶ, ಪ್ರದೇಶಗಳಲ್ಲಿ 72, 73ನೇ ಸ್ಥಾನ ಬಂತು. ಅದನ್ನೇ ಇಡೀ ಭಾರತದ ಸ್ಥಾನ ಎನ್ನುವವರು ಈಗಲೂ ಇದ್ದಾರೆ. ಅಂಕ ತೀರಾ ಕಮ್ಮಿ ಇದ್ದದ್ದು ನಿಜ, ಚಿಂತೆಯ ವಿಷಯವೇ. ಆದರೆ ಕರ್ನಾಟಕದ ಶಾಲೆಗಳು ಅದರಲ್ಲಿರಲಿಲ್ಲ.

ಮುಂದಿನ ಸಲ ಅಂಕದ ಪಕ್ಕದಲ್ಲೇ ಅದು ಎಷ್ಟು ಆಚೀಚೆ ಆಗಬಹುದು, ಬರೆದ ಮಕ್ಕಳು ಎಲ್ಲಿಯವರು ಎಂಬುದನ್ನೂ ದಯವಿಟ್ಟು ಅಚ್ಚು ಹಾಕಿ. ಮೂಲ ವರದಿಯಲ್ಲಿ ಎರಡೂ ಸಿಗುತ್ತವೆ.

– ಒಬ್ಬ ಗಣಿತ ಶಿಕ್ಷಕ, ಹಾಸನ